‘ತೊಂದರೆ ಏನೂ ಇಲ್ಲ’ ಎಂದು ಬರೆದ ಶುಕ್ರವಾರ

ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ವರ್ಗಾವಣೆ ನಾಲ್ಕು ಸಲ ಆಯಿತು, ಎಲ್ಲವೂ ಕಾಸರಗೋಡು ಜಿಲ್ಲೆಯ ಒಳಗೇ. ಭಡ್ತಿಯ ಆದೇಶಗಳೂ ಬಂದವು. ಅವೆಲ್ಲ ಒಂದು ಫೈಲಿನಲ್ಲಿವೆ, ಇಲ್ಲಿ ಬೇಡ. ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ದಾರಿಯಲ್ಲಿ ಸಿಕ್ಕಿದಾಗ ಕೇಳುತ್ತಾರೆ: “ಲಲಿತಾ ಸಿಸ್ಟರ್, ನಿಮಗೆ ಎಲ್ಲಕ್ಕಿಂತ ಕಷ್ಟ ಆದದ್ದು ಎಂತ? ಆಕ್ಸಿಡೆಂಟ್ ಕೇಸಾ, ಹೆರಿಗೆಯಾ?” ರಕ್ತ ನೋಡಿ ನನಗೆ ಎಂದೂ ಭಯವಾಗಲಿಲ್ಲ. ನಾನು ಸೋತದ್ದು ಏನೂ ಹೇಳದೆ ಮಲಗಿದ್ದ ರೋಗಿಗಳ ಎದುರು. ನಮ್ಮ ಕಾಲದಲ್ಲಿ ಅಂಥವರನ್ನು ‘ಒಳ್ಳೆಯ ಪೇಷಂಟ್’ ಎಂದು ಕರೆಯುತ್ತಿದ್ದೆವು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನೆಕ್ರಾಜೆ ಕಡೆಯಿಂದ ಕಮಲಕ್ಕ ಎಂಬ ಅಜ್ಜಿಯನ್ನು ತಂದು ವಾರ್ಡಿಗೆ ಸೇರಿಸಿದರು. ಎಪ್ಪತ್ತು ದಾಟಿದ ಹೆಂಗಸು. ಮೊನ್ನೆಯವರೆಗೆ ಸೊಪ್ಪು ಸೌದೆ ಹೊತ್ತು ತಿರುಗುತ್ತಿದ್ದವಳು ಎರಡೇ ದಿನದಲ್ಲಿ ಬೇರೆಯೇ ಆಗಿದ್ದಳು. ತೀರಿಹೋದ ಗಂಡನ ಜೊತೆ ಜೋರಾಗಿ ಜಗಳವಾಡುತ್ತಿದ್ದಳು. ಗೋಡೆಯಲ್ಲಿ ಇರುವೆ ಸಾಲು ಹೋಗುತ್ತಿದೆ ಎಂದು ಬೆರಳಿನಿಂದ ಒರೆಸುತ್ತಿದ್ದಳು. ಸೊಸೆ ನನ್ನ ಕಿವಿಯಲ್ಲಿ, “ಮಾವನ ಕುಲೆಯ ಉಪದ್ರ ಸಿಸ್ಟರ್, ಆಸ್ಪತ್ರೆಗೆ ತಂದದ್ದೇ ತಪ್ಪು” ಎಂದಳು. ಕುಲೆ ಎಂದರೆ ನಮ್ಮಲ್ಲಿ ಸತ್ತವರ ಪ್ರೇತ. ನಾನು ಅದನ್ನು ನಂಬದಿದ್ದರೂ ಮುದುಕಿಗೆ ಮರುಳು ಹಿಡಿದಿದೆ ಎಂದೇ ಎಣಿಸಿದೆ. ಎರಡು ಸಲ ಡ್ರಿಪ್ ಕಿತ್ತೆಸೆದಾಗ ಅವಳ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದೆ.

ಮರುದಿನದ ಪರೀಕ್ಷೆಯಲ್ಲಿ ಮೂತ್ರದ ಸೋಂಕು ಎಂದು ತಿಳಿಯಿತು. ಆಂಟಿಬಯೋಟಿಕ್ ಸುರು ಮಾಡಿದ ನಾಲ್ಕನೆಯ ದಿನ ಬೆಳಿಗ್ಗೆ ಕಮಲಕ್ಕ ಎದ್ದು ಕುಳಿತು ಗಂಜಿ ಕೇಳಿದಳು. ನಾನು ತಟ್ಟೆ ಹಿಡಿದುಕೊಂಡು ಹೋದೆ. ಅವಳು ನನ್ನನ್ನು ನೋಡಿ, ತನ್ನ ಮಣಿಕಟ್ಟಿನ ಕೆಂಪು ಗೆರೆ ನೋಡಿ ತುಳುವಿನಲ್ಲಿ ಕೇಳಿದಳು: “ನನ್ನ ಕೈ ಕಟ್ಟಿದ್ದು ನೀನಲ್ಲವಾ ಮಗಳೇ?”

ಅವಳಿಗೆ ನೆನಪಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಗಂಜಿ ಇಟ್ಟು ಬಂದೆ. ಸೋಂಕು ಹೊಟ್ಟೆಯ ಕೆಳಗೆ, ಹುಚ್ಚು ತಲೆಯಲ್ಲಿ. ಇದು ಹೇಗೆ ಎಂದು ಕೇಳುವಷ್ಟು ತಿಳಿವಳಿಕೆಯೂ ಆಗ ನನಗಿರಲಿಲ್ಲ. ಅದನ್ನು ವಿವರಿಸಿ ಹೇಳುವ ಡಾಕ್ಟರು ಸಿಕ್ಕಿದ್ದು ಬಹಳ ವರ್ಷಗಳ ಮೇಲೆ. ಅಷ್ಟರಲ್ಲಿ ಕಾಲ ಮೀರಿತ್ತು.

ಆ ಡಾಕ್ಟರು ಸುಧಾಕರನ್. ಪಯ್ಯನ್ನೂರು ಕಡೆಯವರು. ನಾನು ಮೂರನೆಯ ಆಸ್ಪತ್ರೆಗೆ ವರ್ಗವಾಗಿ ಹೋದಾಗ ಅಲ್ಲಿ ಫಿಸಿಷಿಯನ್ ಆಗಿದ್ದರು. ಮಲಯಾಳದ ಧಾಟಿಯಲ್ಲಿ ಕನ್ನಡ ಆಡುತ್ತಿದ್ದರು, ನಗುವುದು ಅಪರೂಪ. ಕೇಸ್ ಶೀಟಿನಲ್ಲಿ ಜ್ವರದ ಗೆರೆ ವಕ್ರವಾಗಿದ್ದರೆ ಅಳಿಸಿ ಮತ್ತೆ ಎಳೆಸುವಷ್ಟು ಕಟ್ಟುನಿಟ್ಟು. ಅವರ ಕೈಕೆಳಗೆ ನಾನು ಲಿವರ್ ಸೋಂಕಿನವರಿಗೆ ಇಂಟರ್‌ಫೆರಾನ್ ಎಂಬ ಇಂಜೆಕ್ಷನ್ ಕೊಡುವ ಕೆಲಸ ನೋಡಿಕೊಳ್ಳುತ್ತಿದ್ದೆ. ಹೆಪಟೈಟಿಸ್ ಸಿ ಎಂಬ ವೈರಸ್ಸಿಗೆ ಈಗ ಮಾತ್ರೆ ಉಂಟು, ನುಂಗಿದರೆ ಮುಗಿಯಿತು. ಆಗ ಇದ್ದದ್ದು ಈ ಇಂಜೆಕ್ಷನ್, ಜೊತೆಗೆ ದಿನವೂ ನುಂಗುವ ಇನ್ನೊಂದು ಮಾತ್ರೆ. ವಾರಕ್ಕೆ ಒಮ್ಮೆ, ಹೊಟ್ಟೆಯ ಚರ್ಮದ ಕೆಳಗೆ, ಇಪ್ಪತ್ತನಾಲ್ಕು ವಾರ. ಕೆಲವರಿಗೆ ಅದಕ್ಕಿಂತ ಹೆಚ್ಚು.

ಉಪ್ಪಳದ ಚಂದ್ರಹಾಸ ನಮ್ಮಲ್ಲಿಗೆ ಬಂದದ್ದು ಆಗ. ನಲವತ್ತರ ಆಸುಪಾಸು. ಗಲ್ಫಿನಲ್ಲಿ ಏಸಿ ಮೆಕ್ಯಾನಿಕ್ ಆಗಿದ್ದವನು. ಅಲ್ಲಿನ ಮೆಡಿಕಲ್ ಪರೀಕ್ಷೆಯಲ್ಲಿ ಲಿವರ್ ಸೋಂಕು ಸಿಕ್ಕಿ ಊರಿಗೆ ಕಳಿಸಿದ್ದರು. ಹಿಂದೆ ಯಾವಾಗಲೋ ಬೈಕಿನಿಂದ ಬಿದ್ದು ರಕ್ತ ಹಾಕಿಸಿಕೊಂಡಿದ್ದನಂತೆ, ಅದರಲ್ಲಿ ಬಂದಿರಬೇಕು. ಊರಲ್ಲಿ ಅದಕ್ಕೆ ಬೇರೆಯೇ ಕಥೆ ಕಟ್ಟುತ್ತಿದ್ದರು. ಅವನು ಲೆಕ್ಕಿಸುತ್ತಿರಲಿಲ್ಲ.

“ಸಿಸ್ಟರ್, ಇಪ್ಪತ್ತನಾಲ್ಕು ಶುಕ್ರವಾರ ಅಲ್ಲವಾ? ಎಣಿಸ್ಲಿಕ್ಕೆ ಸುಲಭ. ಮುಗಿದ ಮೇಲೆ ಪುನಃ ಹೋಗಬಹುದು” ಎಂದು ಮೊದಲ ದಿನವೇ ಹೇಳಿದ.

ಮಾತುಗಾರ. ಎರಡನೆಯ ವಾರವೋ ಮೂರನೆಯ ವಾರವೋ ನಮ್ಮ ಇಂಜೆಕ್ಷನ್ ಇಡುವ ಫ್ರಿಜ್ಜು ಗರಗರ ಎಂದು ಸದ್ದು ಮಾಡುತ್ತಿದ್ದುದನ್ನು ಕೇಳಿ, “ಇದರೊಳಗೆ ನನ್ನ ಮದ್ದು ಇರೋದು, ಬಿಡ್ಲಿಕ್ಕೆ ಆಗ್ತದಾ?” ಎಂದು ಹಿಂಬದಿಯ ತಗಡು ಬಿಚ್ಚಿ ಅರ್ಧ ಗಂಟೆಯಲ್ಲಿ ಸರಿ ಮಾಡಿದ. ಇಡೀ ವಾರ್ಡಿನವರು ನೋಡುತ್ತ ನಿಂತಿದ್ದರು. ಇಂಜೆಕ್ಷನ್ ಕೊಟ್ಟ ಸಂಜೆ ಚಳಿಜ್ವರ ಬರುತ್ತದೆ, ಮೈಕೈ ನೋಯುತ್ತದೆ, ಪ್ಯಾರಾಸಿಟಮೋಲ್ ತೆಗೆದುಕೊಳ್ಳಿ ಎಂದು ನಾವು ಎಲ್ಲರಿಗೂ ಹೇಳುತ್ತಿದ್ದೆವು. ರಕ್ತಕಣ ಕಡಿಮೆಯಾಗುತ್ತದೆಯೋ ಎಂದು ತಪಾಸಣೆ ಮಾಡುತ್ತಿದ್ದೆವು. ಮದ್ದಿನ ಡಬ್ಬಿಯೊಳಗೆ ಮಡಚಿಟ್ಟ ಕಾಗದ ಒಂದು ಇರುತ್ತಿತ್ತು. ಸಣ್ಣ ಅಕ್ಷರ, ಇಂಗ್ಲಿಷು. ಅದನ್ನು ನಾನು ಪ್ರತಿ ಸಲ ಡಬ್ಬಿಯ ಜೊತೆಗೇ ಕಸಕ್ಕೆ ಹಾಕುತ್ತಿದ್ದೆ.

ಎಂಟನೆಯ ವಾರದ ಹೊತ್ತಿಗೆ ಚಂದ್ರಹಾಸ ಮಾತು ಕಡಿಮೆ ಮಾಡಿದ. ಬೆಂಚಿನ ತುದಿಯಲ್ಲಿ ಕುಳಿತು ಹೆಸರು ಕರೆದಾಗ ಎದ್ದು ಬರುತ್ತಿದ್ದ. ಅಂಗಿ ಎತ್ತುತ್ತಿದ್ದ, ಚುಚ್ಚಿಸಿಕೊಂಡು ಹೋಗುತ್ತಿದ್ದ. ವಾರ್ಡಿನಲ್ಲಿ ನೂಕುನುಗ್ಗಲು ಇದ್ದ ದಿನಗಳಲ್ಲಿ ಇಂಥವರು ನಮಗೆ ಅನುಕೂಲ. ರಕ್ತಪರೀಕ್ಷೆಯಲ್ಲಿ ವೈರಸ್ಸು ಬಹಳ ಇಳಿದಿತ್ತು. ಸುಧಾಕರನ್ ಡಾಕ್ಟರು ಆ ಚೀಟಿ ನೋಡಿ ಅಪರೂಪಕ್ಕೆ ನಕ್ಕದ್ದು ನೆನಪಿದೆ. “ಮದ್ದು ಹಿಡಿಯಿತು” ಎಂದರು.

ಹತ್ತನೆಯ ವಾರ ಅವನ ಹೆಂಡತಿ ವಾರಿಜ ಜೊತೆಗೆ ಬಂದಳು. ಗಂಡ ಒಳಗೆ ತೂಕ ನೋಡಿಸಿಕೊಳ್ಳುತ್ತಿದ್ದಾಗ ಕಾರಿಡಾರಿನಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದಳು.

“ಸಿಸ್ಟರ್, ಇವರು ಮೊದಲಿನ ಹಾಗೆ ಇಲ್ಲ. ಮಗಳು ಅಂದರೆ ಜೀವ, ಈಗ ಅವಳು ಹತ್ತಿರ ಹೋದರೆ ಮುಖ ತಿರುಗಿಸ್ತಾರೆ. ಊಟ ಸೇರುವುದಿಲ್ಲ. ಬೆಳಿಗ್ಗೆ ಎದ್ದು ಕೂತ ಜಾಗದಲ್ಲೇ ಮಧ್ಯಾಹ್ನದವರೆಗೆ ಇರ್ತಾರೆ. ಮದ್ದಿನಿಂದ ಹೀಗೆ ಆಗುವುದುಂಟಾ?”

“ದುಡಿದು ಅಭ್ಯಾಸ ಆದ ಗಂಡಸರು ಮನೆಯಲ್ಲಿ ಕೂತರೆ ಹಾಗೆಯೇ ವಾರಿಜಾ. ಕೆಲಸಕ್ಕೆ ಹೋದ ಮೇಲೆ ಸರಿ ಆಗ್ತದೆ” ಎಂದೆ. ಎಷ್ಟು ಸುಲಭವಾಗಿ ಹೇಳಿದೆ ಎಂದು ಈಗ ಆಶ್ಚರ್ಯವಾಗುತ್ತದೆ.

ಹನ್ನೊಂದನೆಯ ಶುಕ್ರವಾರ ಅವನು ಒಬ್ಬನೇ ಬಂದ. ಇಂಜೆಕ್ಷನ್ ಕೊಟ್ಟು ಹತ್ತಿ ಒತ್ತಿ ಹಿಡಿದಿದ್ದೆ. ಅವನು ಏಳಲಿಲ್ಲ.

“ಸಿಸ್ಟರ್, ಈ ಮದ್ದಿನಲ್ಲಿ ಎಂತ ಉಂಟು?”

“ಒಳ್ಳೆ ಮದ್ದು. ಯಾಕೆ?”

“ಇದು ಒಳಗೆ ಹೋದ ಮೇಲೆ ನನಗೆ ನಾನೇ ಬೇಡ ಅಂತ ಆಗ್ತದೆ. ಬೇಸರ ಅಲ್ಲ. ಬೇಸರ ಆದರೆ ಗೊತ್ತಾಗ್ತದಲ್ಲ, ಯಾಕೆ ಅಂತ. ಇದಕ್ಕೆ ಯಾಕೆ ಅಂತ ಇಲ್ಲ.”

ಅವನ ಹಿಂದೆ ಆರೇಳು ಮಂದಿ ಕಾದಿದ್ದರು. ನಾನು ಅವನ ಭುಜ ತಟ್ಟಿದೆ. “ಧೈರ್ಯ ಬೇಕು ಮಾರಾಯ್ರೆ. ಅರ್ಧ ಮುಗೀತಾ ಬಂತು. ಇನ್ನು ಹದಿಮೂರೇ ವಾರ.”

ಅವನು ನನ್ನ ಮುಖ ನೋಡಿ ತಲೆ ಆಡಿಸಿದ. ಎದ್ದು ಅಂಗಿ ಸರಿ ಮಾಡಿಕೊಂಡು ಹೋದ. ಕೇಸ್ ಶೀಟಿನಲ್ಲಿ ಆ ದಿನದ ಸಾಲಿನಲ್ಲಿ ನಾನು ಬರೆದೆ: ತೊಂದರೆ ಏನೂ ಇಲ್ಲ. ಪ್ರತಿ ವಾರ ಬರೆಯುತ್ತಿದ್ದುದೇ ಅದು, ಕೈಗೆ ರೂಢಿಯಾಗಿತ್ತು.

ಹನ್ನೆರಡನೆಯ ಶುಕ್ರವಾರ ಅವನು ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಯಾರೋ ಗಂಡಸರು ಎತ್ತಿದರು. ಬುಧವಾರ ಅವನು ತಾನಾಗಿಯೇ ಪ್ರಾಣ ಕಳೆದುಕೊಂಡ ಎಂದರು. ಆಸ್ಪತ್ರೆಯಿಂದ ಎಂದು ಹೇಳಿದ್ದಕ್ಕೆ, “ಎಂತ ಸಿಸ್ಟರ್, ರೋಗ ಗುಣ ಆಗ್ತಾ ಉಂಟು ಅಂತ ಅಲ್ಲವಾ ಹೇಳಿದ್ದು?” ಎಂದು ಕೇಳಿದರು. ನಾನು ಫೋನ್ ಇಟ್ಟೆ. ಫ್ರಿಜ್ಜಿನಲ್ಲಿ ಅವನ ಹೆಸರು ಬರೆದಿಟ್ಟ ಸಿರಿಂಜು ಹಾಗೆಯೇ ಇತ್ತು.

ಸುಧಾಕರನ್ ಡಾಕ್ಟರಿಗೆ ಹೇಳಿದೆ. ಅವರು ಹೊರರೋಗಿಗಳನ್ನು ನೋಡಿ ಮುಗಿಸಿ ನನ್ನನ್ನು ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ಮದ್ದಿನ ಡಬ್ಬಿಯ ಆ ಮಡಚಿದ ಕಾಗದ ಬಿಡಿಸಿ ಇಟ್ಟಿದ್ದರು. ಒಂದು ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದರು. ಖಿನ್ನತೆ, ಸಾಯುವ ಯೋಚನೆ, ಗಮನಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು.

“ನನಗೆ ಗೊತ್ತಿತ್ತು. ಓದಿದ್ದೆ. ಆದರೆ ಲಿವರ್ ಮಾತ್ರ ನೋಡಿದೆ. ಅವನು ನಿಮ್ಮ ಹತ್ತಿರ ಏನಾದರೂ ಹೇಳಿದ್ದನೋ?”

ಹೇಳಿದ್ದನ್ನು ಹೇಳಿದೆ. ಅವರು ಆ ಕಾಗದವನ್ನು ಮೊದಲಿನಂತೆ ಮಡಚಿದರು. ನಂತರ ಪಾಠ ಹೇಳುವವರಂತೆ ನಿಧಾನವಾಗಿ ವಿವರಿಸಿದರು. ಬಹುಶಃ ತಮಗೇ ಹೇಳಿಕೊಳ್ಳುತ್ತಿದ್ದರು. ಈ ಇಂಟರ್‌ಫೆರಾನ್ ಹೊರಗಿನ ವಿಷ ಅಲ್ಲ, ನಮ್ಮ ದೇಹವೇ ಮಾಡುವ ವಸ್ತು. ವೈರಸ್ಸು ನುಗ್ಗಿದಾಗ ಜೀವಕೋಶಗಳು ಒಂದಕ್ಕೊಂದು ಕಳಿಸುವ ಸುದ್ದಿ. ಇಂಥ ಸುದ್ದಿಗಾರರು ಹಲವು ಬಗೆ, ಒಟ್ಟಾಗಿ ಸೈಟೋಕೈನ್ ಎನ್ನುತ್ತಾರೆ. ಆ ಸುದ್ದಿ ರಕ್ತದಲ್ಲಿ ಹರಿದು, ನರದ ಮೂಲಕವೂ ಏರಿ ಮಿದುಳಿಗೆ ತಲುಪುತ್ತದೆ. ಮಿದುಳು ಮನುಷ್ಯನನ್ನು ಮಲಗಿಸುತ್ತದೆ: ತಿನ್ನಬೇಡ, ಯಾರ ಜೊತೆಗೂ ಸೇರಬೇಡ, ಏನನ್ನೂ ಆಸೆಪಡಬೇಡ, ಶಕ್ತಿ ಉಳಿಸು. ಜ್ವರದಲ್ಲಿ ನಾವೆಲ್ಲ ಗೋಡೆಗೆ ಮುಖ ಹಾಕಿ ಮಲಗುವುದು ಅದಕ್ಕೆ. ಮುದುಕರಲ್ಲಿ ಆ ಗಲಾಟೆಗೆ ಬುದ್ಧಿಯೇ ಕದಡಿಹೋಗಬಹುದು. ನನಗೆ ತಟ್ಟನೆ ಕಮಲಕ್ಕನ ಮಣಿಕಟ್ಟು ಕಣ್ಣಿಗೆ ಬಂತು.

“ಜ್ವರದಲ್ಲಿ ಅದು ಮೂರು ದಿನ ಇದ್ದು ಹೋಗುತ್ತದೆ ಸಿಸ್ಟರ್. ನಾವು ಹೊರಗಿನಿಂದ ಚುಚ್ಚಿ ಚುಚ್ಚಿ ಮೂರು ತಿಂಗಳು ಇಟ್ಟೆವು. ಅವನು ಸರಿಯಾಗಿಯೇ ಹೇಳಿದ. ಕಾರಣ ಮದ್ದಿನಲ್ಲೇ ಇತ್ತು.”

ಮುಂದಿನ ವಾರ ಸೂಪರಿಂಟೆಂಡೆಂಟ್ ಕೇಸ್ ಶೀಟು ತರಿಸಿಕೊಂಡರು. ಪುಟ ತಿರುಗಿಸಿ ಹನ್ನೊಂದು ವಾರವೂ ‘ತೊಂದರೆ ಏನೂ ಇಲ್ಲ’ ಎಂದಿರುವುದನ್ನು ನೋಡಿ ನೆಮ್ಮದಿಯ ಉಸಿರು ಬಿಟ್ಟರು. “ಚೆನ್ನಾಗಿ ಬರೆದಿದ್ದೀರಿ. ಇಷ್ಟು ಸಾಕು. ಯಾರ ಹತ್ತಿರವೂ ಮಾತಾಡಲಿಕ್ಕೆ ಹೋಗಬೇಡಿ” ಎಂದರು. ಸುಧಾಕರನ್ ಡಾಕ್ಟರು ಬಾಯಿ ತೆರೆದರು, ಅವರನ್ನು ಸೂಪರಿಂಟೆಂಡೆಂಟ್ ಕೈಸನ್ನೆಯಿಂದ ತಡೆದರು. ಮೂವತ್ತೊಂದು ವರ್ಷದಲ್ಲಿ ನನ್ನ ಬರವಣಿಗೆಯನ್ನು ಮೇಲಧಿಕಾರಿ ಒಬ್ಬರು ಹೊಗಳಿದ್ದು ಅದೊಂದೇ ಸಲ.

ತಿಂಗಳಾದ ಮೇಲೆ ವಾರಿಜ ಬಂದಳು. ಇಳಿದುಹೋಗಿದ್ದಳು. ಡ್ರೆಸಿಂಗ್ ರೂಮಿನ ಬಾಗಿಲಲ್ಲಿ ನಿಂತು ತುಳುವಿನಲ್ಲಿ ಕೇಳಿದಳು:

“ಅವತ್ತು ಬೆಳಿಗ್ಗೆ ನಾನು ಅವರಿಗೆ ಜೋರು ಮಾಡಿದ್ದೆ ಸಿಸ್ಟರ್. ಮಗಳನ್ನು ಶಾಲೆಗೆ ಬಿಡ್ಲಿಕ್ಕೂ ಆಗದ ಗಂಡಸು ಎಂತಕ್ಕೆ ಅಂತ ಹೇಳಿದೆ. ಮಗಳು ಅಲ್ಲೇ ನಿಂತಿದ್ದಳು. ನನ್ನ ಮಾತಿನಿಂದ ಆದದ್ದಾ? ಮದ್ದಿನಿಂದ ಆದದ್ದಾ? ಒಂದು ಹೇಳಿ.”

ನನಗೆ ಉತ್ತರ ಗೊತ್ತಿತ್ತು. ಹಾಗೆ ಗೊತ್ತಿದ್ದವರು ಆ ಆಸ್ಪತ್ರೆಯಲ್ಲಿ ಇಬ್ಬರೇ. ನನಗೆ ನೌಕರಿಯ ಭಯವಿತ್ತು, ಅದಕ್ಕಿಂತ ಹೆಚ್ಚಾಗಿ ಅವನು ನನಗೆ ಹೇಳಿದ್ದ ಎನ್ನುವುದನ್ನು ಅವಳ ಎದುರು ಒಪ್ಪಿಕೊಳ್ಳುವ ಭಯವಿತ್ತು. “ಡಾಕ್ಟರ ಹತ್ತಿರ ಕೇಳಿ” ಎಂದೆ. ಡಾಕ್ಟರು ಅಂದು ರಜೆಯಲ್ಲಿದ್ದರು. ಅವಳು ಮತ್ತೆ ಬರಲಿಲ್ಲ. ಕೆಲವು ತಿಂಗಳಲ್ಲಿ ಸುಧಾಕರನ್ ಡಾಕ್ಟರಿಗೆ ವರ್ಗವಾಯಿತು.

ಹೋಗುವ ಮೊದಲು ಅವರು ಒಂದು ಕೆಲಸ ಮಾಡಿದರು. ಇಂಜೆಕ್ಷನ್ ಕಾರ್ಡಿನಲ್ಲಿ ಎರಡು ಪ್ರಶ್ನೆ ಸೇರಿಸಿದರು. ಈ ವಾರ ಯಾವುದರಲ್ಲಾದರೂ ಸಂತೋಷ ಸಿಕ್ಕಿತೇ? ಬದುಕುವುದು ಬೇಡ ಎನಿಸಿತೇ? ಕೂರಿಸಿ ಕೇಳಬೇಕು, ನಿಂತುಕೊಂಡು ಕೇಳಬಾರದು ಎಂದು ನನಗೆ ಹೇಳಿದರು. ಮೊದಮೊದಲು ನಾಲಗೆ ಏಳುತ್ತಿರಲಿಲ್ಲ. ಸಾಯುವ ಮಾತು ತೆಗೆದರೆ ಇಲ್ಲದ ಯೋಚನೆ ಬಂದೀತು ಎಂದು ಹಿರಿಯ ಸಿಸ್ಟರುಗಳು ಗದರಿದರು. ಹಾಗೇನೂ ಆಗುವುದಿಲ್ಲ. ಕೇಳಿದಾಗ ಹೆಚ್ಚಿನವರು ಉಸಿರು ಬಿಡುತ್ತಾರೆ, ಅಷ್ಟೇ.

ಅಗಲ್ಪಾಡಿಯ ಪದ್ಮಾವತಿ ಟೀಚರ್ ಹಾಗೆ ಉಸಿರು ಬಿಟ್ಟವರು. ಏಳನೆಯ ಇಂಜೆಕ್ಷನ್ನಿಗೆ ಬಂದಾಗ ಎರಡನೆಯ ಪ್ರಶ್ನೆಗೆ, “ಬಾವಿ ಹತ್ತಿರ ನೀರಿಗೆ ಹೋಗ್ಲಿಕ್ಕೆ ಸೊಸೆಯನ್ನು ಕಳಿಸ್ತೇನೆ ಸಿಸ್ಟರ್. ನಾನು ಹೋಗುವುದಿಲ್ಲ” ಎಂದರು. ನಾನು ಆ ದಿನ ಸಿರಿಂಜು ಕೆಳಗಿಟ್ಟೆ. ಹೊಸ ಡಾಕ್ಟರು ಮದ್ದು ನಿಲ್ಲಿಸಿದರು, ಮನೋರೋಗದ ಡಾಕ್ಟರಲ್ಲಿಗೆ ಕಳಿಸಿದರು. ಎರಡು ತಿಂಗಳಲ್ಲಿ ಟೀಚರ್ ಮೊದಲಿನ ಹಾಗೆ ಆದರು. ಇಳಿದಿದ್ದ ವೈರಸ್ಸೂ ಮೊದಲಿನ ಹಾಗೆ ಆಯಿತು. ಮತ್ತೆ ಆ ಇಂಜೆಕ್ಷನ್ ಕೊಡಲು ಯಾರಿಗೂ ಧೈರ್ಯವಿರಲಿಲ್ಲ. ಕೆಲವು ವರ್ಷ ಕಳೆದು ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿ ನಮ್ಮ ವಾರ್ಡಿನಲ್ಲೇ ತೀರಿಕೊಂಡರು. ಹೊಸ ಮಾತ್ರೆ ನಮ್ಮ ಕೈಗೆ ಬಂದದ್ದು ಅದರ ಮರುವರ್ಷ. ಕೊನೆಯ ದಿನಗಳಲ್ಲಿ ನಾನು, “ಅವತ್ತು ನಿಲ್ಲಿಸಿದ್ದು ತಪ್ಪಾಯಿತಾ ಟೀಚರ್?” ಎಂದು ಕೇಳಿದೆ. “ಪ್ರಶ್ನೆ ಕೇಳಿದ್ದು ತಪ್ಪಲ್ಲ ಲಲಿತಾ. ಉತ್ತರ ಯಾವುದೂ ಸರಿ ಇರಲಿಲ್ಲ” ಎಂದರು. ಟೀಚರ ಮಾತು. ಈ ಕೆಲಸದಲ್ಲಿ ಅಂಥ ಪ್ರಶ್ನೆಪತ್ರಿಕೆಗಳೂ ಬರುತ್ತವೆ ಎಂದು ತಿಳಿದಿರಿ.

ನಿವೃತ್ತಿಗೆ ಕೆಲವು ವರ್ಷ ಇರುವಾಗ ಕೊರೊನಾ ಬಂತು, ನನಗೂ ಅಂಟಿತು. ಜ್ವರ ವಾರದಲ್ಲಿ ಇಳಿಯಿತು. ಆಮೇಲಿನದು ಇಳಿಯಲಿಲ್ಲ. ಕೆಲಸಕ್ಕೆ ಮರಳಿದರೆ ದಿನವೂ ಹೇಳುವ ಮದ್ದಿನ ಹೆಸರು ನಾಲಗೆಗೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಒಬ್ಬರಿಗೆ ಕೊಡಬೇಕಾದ ಇನ್ಸುಲಿನ್ ಎರಡು ಪಟ್ಟು ಎಳೆದಿದ್ದೆ. ಜೊತೆಗಿದ್ದ ಸಿಸ್ಟರ್ ನನ್ನ ಕೈ ಹಿಡಿದು, “ಎಂತ ಮಾಡ್ತಾ ಇದ್ದೀರಿ?” ಎಂದಳು. ಸಿರಿಂಜು ನೋಡಿದೆ. ಭಯ ಆಗಬೇಕಿತ್ತು, ಆಗಲಿಲ್ಲ. ಯಾವುದೂ ಆಗುತ್ತಿರಲಿಲ್ಲ. ಮನೆಯಲ್ಲಿ ತಂಗಿಯ ಮೊಮ್ಮಗು ಓಡಿ ಬಂದು ಮಡಿಲಲ್ಲಿ ಕುಳಿತರೆ ಅದನ್ನು ಇಳಿಸಿ ಬಿಡುತ್ತಿದ್ದೆ. ಅಳು ಬಂದರೆ ಸಾಕು ಎನ್ನುವಷ್ಟು ಒಳಗೆ ಒಣಗಿತ್ತು. ಚಂದ್ರಹಾಸ ‘ಯಾಕೆ ಅಂತ ಇಲ್ಲ’ ಎಂದದ್ದು ಏನೆಂದು ನನಗೆ ತಿಳಿದದ್ದು ಆಗ. ಒಂದು ಇಡೀ ಮಳೆಗಾಲ ಹಾಗೆ ಇದ್ದೆ. ಖಿನ್ನತೆಗೆ ಮದ್ದು ತೆಗೆದುಕೊಂಡೆ, ಮೆಲ್ಲನೆ ಹಗುರವಾಯಿತು. ನನಗೆ ರೋಗ ಯಾವುದೆಂದು ಗೊತ್ತಿತ್ತು, ಅದಕ್ಕೆ ಉಳಿದೆ. ಅವನಿಗೆ ಹೇಳುವವರಿರಲಿಲ್ಲ.

ನಿವೃತ್ತಳಾದ ಮರು ತಿಂಗಳು ಉಪ್ಪಳಕ್ಕೆ ಹೋದೆ. ರೈಲ್ವೇ ಸ್ಟೇಷನ್ನಿನ ದಾರಿಯಲ್ಲಿ ವಾರಿಜ ಹೊಲಿಗೆ ಅಂಗಡಿ ಇಟ್ಟಿದ್ದಾಳೆ ಎಂದು ವಿಚಾರಿಸಿ ತಿಳಿದಿದ್ದೆ. ಕೂದಲು ನರೆತಿತ್ತು. ಕನ್ನಡಕದ ಮೇಲಿಂದ ನೋಡಿ ಗುರುತು ಹಿಡಿದಳು. ಕುರ್ಚಿ ಎಳೆದುಕೊಟ್ಟಳು. ನಾನು ನೀರೂ ಕುಡಿಯದೆ ಹೇಳತೊಡಗಿದೆ. ಹನ್ನೊಂದನೆಯ ಶುಕ್ರವಾರ ಅವನು ಕೇಳಿದ್ದು, ನಾನು ಹೇಳಿದ್ದು, ಬರೆದದ್ದು. ಕಾಗದದಲ್ಲಿದ್ದ ಸಾಲು. ಡ್ರೆಸಿಂಗ್ ರೂಮಿನ ಬಾಗಿಲಲ್ಲಿ ಅವಳು ಕೇಳಿದಾಗ ನನಗೆ ಉತ್ತರ ಗೊತ್ತಿದ್ದದ್ದು. “ನಿನ್ನ ಮಾತಿನಿಂದ ಆದದ್ದಲ್ಲ ವಾರಿಜಾ. ಆ ಮದ್ದು ಅವರನ್ನು ಹಾಗೆ ಮಾಡಿತ್ತು. ಅವರು ಹೇಳಿದಾಗ ನಾನು ಕೇಳಿಸಿಕೊಳ್ಳಲಿಲ್ಲ.”

ಅವಳು ಕತ್ತರಿ ಕೆಳಗಿಟ್ಟಳು.

“ನಿಮಗೆ ಯಾವಾಗ ಗೊತ್ತಾದದ್ದು?”

“ಅದೇ ವಾರ.”

“ಅದೇ ವಾರ” ಎಂದು ಅವಳೂ ಹೇಳಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊರಗೆ ಹೈವೇಯ ಲಾರಿಗಳ ಸದ್ದು. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, “ನನಗೆ ಹೇಳಿ ಎಂತ ಪ್ರಯೋಜನ ಸಿಸ್ಟರ್? ನಾನು ಹೇಗೋ ಇಷ್ಟು ವರ್ಷ ಕಳೆದೆ. ಮಗಳು ಅವತ್ತು ಅಲ್ಲಿ ನಿಂತು ಕೇಳಿದ್ದಾಳೆ. ಅಪ್ಪ ಹೋದದ್ದು ಅಮ್ಮನ ಬಾಯಿಯಿಂದ ಅಂತ ಅವಳ ತಲೆಯಲ್ಲಿ ಕೂತಿದೆ. ಕಣ್ಣೂರಿನಲ್ಲಿ ಕೆಲಸ ಅವಳಿಗೆ. ವರ್ಷಕ್ಕೆ ಎರಡು ಸಲ ಫೋನು. ಅದೂ ಚೌತಿಗೆ ಒಂದು, ವಿಷು ಹಬ್ಬಕ್ಕೆ ಒಂದು. ನಾನು ಹೇಳಿದರೆ ನೆಪ ಹೇಳ್ತೇನೆ ಅಂತ ಆಗ್ತದೆ” ಎಂದಳು.

ಮೊಬೈಲ್ ತೆಗೆದು ನಂಬರ್ ಒತ್ತಿ ನನ್ನ ಕೈಗೆ ಕೊಟ್ಟಳು. “ನೀವು ಹೇಳಿ. ನನಗೆ ಹೇಳಿದ ಹಾಗೆಯೇ. ಎಂತದೂ ಬಿಡಬೇಡಿ.”

ಆ ಹುಡುಗಿಯ ಹೆಸರು ದೀಕ್ಷಾ. ನಾನು ಯಾರು ಎಂದು ಹೇಳಿದಾಗ ಫೋನ್ ಇಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಎರಡನೆಯ ಸಲ ಹೇಳುವಾಗ ಸುಲಭವಾಗುತ್ತದೆ ಎನ್ನುವುದು ಸುಳ್ಳು. ವಾರಿಜ ನನ್ನ ಎದುರಿಗೇ ಕುಳಿತು ಬಟ್ಟೆಯ ಅಂಚನ್ನು ಮಡಚುತ್ತ, ಬಿಡಿಸುತ್ತ ಇದ್ದಳು. ಮುಗಿದ ಮೇಲೆ ಲೈನ್ ಹೋಯಿತೋ ಎಂದು ನೋಡಿದೆ, ಹೋಗಿರಲಿಲ್ಲ.

“ಆಂಟಿ,” ಎಂದಳು ಕೊನೆಗೆ, “ಅಮ್ಮ ಅಲ್ಲೇ ಇದ್ದಾರಾ?”

ಫೋನನ್ನು ವಾರಿಜಳಿಗೆ ಕೊಟ್ಟು ನಾನು ಅಂಗಡಿಯ ಮೆಟ್ಟಿಲಿಳಿದೆ. ನನ್ನನ್ನು ಅವಳು ತಡೆಯಲಿಲ್ಲ, ಹೋಗಿ ಬನ್ನಿ ಎಂದೂ ಹೇಳಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಒಳಗಿನಿಂದ ಅವಳ ದನಿ ಕೇಳಿತು. “ಹೂಂ” ಎಂದಳು. ಮತ್ತೆ “ಹೂಂ” ಎಂದಳು. ಆಮೇಲೆ, “ಊಟ ಆಯಿತಾ ನಿನ್ನದು?” ಎಂದು ಕೇಳಿದಳು.